ವಿಷ್ಣುಕ್ರಾಂತಿ ಕುಂಡದಲ್ಲಿ ಬೆಳೆಸೋದು ಹೇಗೆ? ನರ್ಸರಿಯಲ್ಲಿ ಕೊಡೋದು ಅದೇ ಗಿಡನಾ?

ತಾರಸಿತೋಟ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ವಿಷ್ಣುಕ್ರಾಂತಿ ಬೆಳೆಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ನನ್ನ ತವರು ಹಿರಿಯೂರು ಕಡೆ. ಅಲ್ಲಿ ಹೊಲದ ಬದುವಿನ ಮೇಲೆ, ಗರಸು ಮಣ್ಣಲ್ಲಿ, ನೆಲಕ್ಕೆ ಅಂಟಿಕೊಂಡು ಹರಡುವ ಪುಟ್ಟ ನೀಲಿ ಹೂವಿನ ಗಿಡ ಇದೆಯಲ್ಲ, ಅದೇ. ಅಮ್ಮ ಅದನ್ನು ವಿಷ್ಣುಕಾಂತಿ ಅಂತಾರೆ. ಮಳೆ ಬಂದ ಮೇಲೆ ಬೆಳಗ್ಗೆ ಹೊಲಕ್ಕೆ ಹೋದರೆ ಬದುವಿನ ಉದ್ದಕ್ಕೂ ಅರಳಿರುತ್ತದೆ, ಮಧ್ಯಾಹ್ನ ವಾಪಸ್ ಬರುವಾಗ ಒಂದು ಹೂವೂ ಕಾಣಿಸಲ್ಲ, ಎಲ್ಲ ಮುದುರಿಕೊಂಡಿರುತ್ತವೆ. ನನಗೆ ಆ ಬಣ್ಣ ತುಂಬಾ ಇಷ್ಟ.

ಇಲ್ಲಿ ತಾರಸಿ ಮೇಲೆ ಚೆನ್ನಾಗಿ ಬಿಸಿಲು ಬೀಳುತ್ತದೆ. ಒಂದು ನರ್ಸರಿಯಲ್ಲಿ ಕೇಳಿದೆ, ವಿಷ್ಣುಕ್ರಾಂತಿ ಅಂತಲೇ ಹೇಳಿ ಒಂದು ಗಿಡ ಕೊಟ್ಟರು. ಹೂವು ನೀಲಿ ಹೌದು, ಆದರೆ ದೊಡ್ಡದು. ಎಲೆ ದಪ್ಪ. ಗಿಡ ನೆಲಕ್ಕೆ ಹರಡದೆ ಪೊದೆಯ ಥರ ಏಳುತ್ತಿದೆ. ಅಮ್ಮನಿಗೆ ಫೋಟೋ ಕಳಿಸಿದರೆ "ಇದಲ್ಲವೇ ಅಲ್ಲ" ಅಂದರು. ಹಾಗಾದರೆ ಇದು ಯಾವುದು? ಅಸಲಿ ಗಿಡವನ್ನು ಊರಿಂದ ಕಿತ್ತು ತಂದು ನೆಟ್ಟರೆ ಬದುಕುತ್ತದಾ ಅಥವಾ ಬೀಜದಿಂದಲೇ ಮಾಡಬೇಕಾ? ಮಣ್ಣು ಯಾವ ಥರ ಇರಬೇಕು? ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ, ಅದಕ್ಕೇ ಈಗಲೇ ಕೇಳುತ್ತಿದ್ದೇನೆ.

ಕಲ್ಲುಹೊಲ (ಪಾವಗಡ):

ಮೇಡಂ, ಮೊದಲನೇ ಮಾತು, ಕಿತ್ತು ತರಬೇಡಿ. ಮೇಲೆ ನೋಡಿದರೆ ಗೇಣುದ್ದದ ಗಿಡ, ಆದರೆ ಬೇರು ಕಟ್ಟಿಗೆ ಥರ ಗಟ್ಟಿ, ಗರಸಿನ ಸಂದಿಯಲ್ಲಿ ನೇರವಾಗಿ ಕೆಳಗೆ ಇಳಿದಿರುತ್ತದೆ. ಕೈಯಲ್ಲಿ ಎಳೆದರೆ ಬೇರು ಅರ್ಧಕ್ಕೆ ತುಂಡಾಗುತ್ತದೆ. ಗುದ್ದಲಿ ಹಾಕಿದರೂ ಸುತ್ತ ಮಣ್ಣು ಉದುರಿ ಬೇರು ಬತ್ತಲೆ ಆಗುತ್ತದೆ, ಮರಳು ಮಣ್ಣು ಹೆಂಟೆ ಕಟ್ಟಲ್ಲ ನೋಡಿ. ಬೆಂಗಳೂರು ತಲುಪುವಷ್ಟರಲ್ಲಿ ಬಾಡಿರುತ್ತದೆ. ಅಲ್ಲಿ ಬದುವಿನ ಮೇಲೆ ವರ್ಷಗಟ್ಟಲೆ ಇರಬೇಕಾದ ಗಿಡ ಸುಮ್ನೆ ಹಾಳು.

ಬೀಜ ತನ್ನಿ. ಹೂವು ಇದ್ದ ಜಾಗದಲ್ಲೇ ತೆಳು ದಾರದಂಥ ತೊಟ್ಟಿನ ತುದಿಯಲ್ಲಿ ಗುಂಡಗಿನ ಪುಟ್ಟ ಕಾಯಿ ಆಗಿರುತ್ತದೆ, 3-4 ಮಿಲಿಮೀಟರ್ ಇರಬಹುದು. ಎಳೆಯದು ಹಸಿರು. ಬಲಿತರೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ತೊಟ್ಟು ಕೆಳಕ್ಕೆ ಬಾಗುತ್ತದೆ. ಆಮೇಲೆ ನಾಲ್ಕು ಹೋಳಾಗಿ ಬಿಚ್ಚಿಕೊಂಡು ಬೀಜ ಅಲ್ಲೇ ಬುಡದಲ್ಲಿ ಉದುರಿಬಿಡುತ್ತದೆ. ಒಂದು ಕಾಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ. ಅದಕ್ಕೇ ಬಿಚ್ಚುವ ಮೊದಲು, ಕಂದು ಬಣ್ಣ ಬಂದ ಕಾಯಿಗಳನ್ನು ಮಾತ್ರ ತೊಟ್ಟಿನ ಸಮೇತ ಚಿವುಟಿ ಕಾಗದದ ಪೊಟ್ಟಣಕ್ಕೆ ಹಾಕಿಕೊಳ್ಳಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಬೂಸ್ಟು ಬರುತ್ತದೆ. ಒಂದೇ ಗಿಡದ್ದು ಎಲ್ಲ ಬಳಿಯಬೇಡಿ, ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ತೆಗೆಯಿರಿ. ಒಂದೇ ಗಿಡದಲ್ಲಿ ಮೊಗ್ಗು, ಹೂವು, ಹಸಿ ಕಾಯಿ, ಒಣ ಕಾಯಿ ಎಲ್ಲಾ ಒಟ್ಟಿಗೇ ಇರುತ್ತದೆ, ಹಾಗಾಗಿ ಯಾವಾಗ ಹೋದರೂ ಒಂದಷ್ಟು ಸಿಗುತ್ತದೆ.

ಬದುವಿಗೆ ಈಗೀಗ ಕಳೆನಾಶಕ ಹೊಡೆಯೋದು ಜಾಸ್ತಿ ಆಗಿದೆ. ಉಳುಮೆ ಬದುವಿಗೆ ತಾಗುತ್ತಿರಲಿಲ್ಲ, ಗಿಡ ಉಳಿದುಕೊಳ್ಳುತ್ತಿತ್ತು. ಔಷಧಿ ಹೊಡೆದರೆ ಬದುವೂ ಸುಟ್ಟು ಹೋಗುತ್ತದೆ. ನಿಮ್ಮ ತವರಿನ ಬದುವಿಗೆ ಹೊಡೆಯಬೇಡಿ ಅಂತ ಮನೆಯವರಿಗೆ ಒಂದು ಮಾತು ಹೇಳಿ ಬನ್ನಿ, ಅದು ಕುಂಡದಲ್ಲಿ ಬೆಳೆಸೋದಕ್ಕಿಂತ ದೊಡ್ಡ ಕೆಲಸ.

ಎಲೆಗಮನ:

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನರ್ಸರಿಯಲ್ಲಿ ನಿಮಗೆ ಕೊಟ್ಟಿರುವುದು ಬಹುತೇಕ ಬ್ಲೂ ಡೇಜ್. ಅದರ ಹೆಸರು ಇವಾಲ್ವುಲಸ್ ಗ್ಲೋಮೆರೇಟಸ್, ಬ್ರೆಜಿಲ್ ಕಡೆಯ ಗಿಡ. ನಮ್ಮ ಬದುವಿನದು ಇವಾಲ್ವುಲಸ್ ಆಲ್ಸಿನಾಯ್ಡಿಸ್. ಎರಡೂ ಒಂದೇ ಕುಲ, ಅದಕ್ಕೇ ಹೂವು ಹೋಲುತ್ತದೆ, ಅಂಗಡಿಯವರೂ ಒಂದೇ ಹೆಸರಲ್ಲಿ ಮಾರುತ್ತಾರೆ. ಮೋಸ ಮಾಡಬೇಕು ಅಂತ ಇರಲಿಕ್ಕಿಲ್ಲ, ಅವರಿಗೆ ಬಂದ ಹೆಸರೇ ಅದು. ಆದರೆ ಪೂಜೆಗೋ ಔಷಧಿಗೋ ಬೇಕು ಅಂತ ಕೊಳ್ಳುವವರಿಗೆ ವ್ಯತ್ಯಾಸ ಗೊತ್ತಿರಲೇಬೇಕು.

ನೋಡಿ ಗುರುತಿಸುವುದು ಸುಲಭ. ಹೂವು ಗಿಡಕ್ಕೆ ಹೇಗೆ ಕೂತಿದೆ ನೋಡಿ. ನಮ್ಮದರಲ್ಲಿ ಎಲೆಯ ಕಂಕುಳಿನಿಂದ ಕೂದಲಿನಷ್ಟು ತೆಳ್ಳಗಿನ ಉದ್ದ ತೊಟ್ಟು ಹೊರಡುತ್ತದೆ, ಸಾಮಾನ್ಯವಾಗಿ ಎಲೆಗಿಂತಲೂ ಉದ್ದ, ಅದರ ತುದಿಯಲ್ಲಿ ಒಂದೋ ಎರಡೋ ಹೂವು. ಬ್ಲೂ ಡೇಜ್‌ನಲ್ಲಿ ಆ ಉದ್ದ ತೊಟ್ಟೇ ಇಲ್ಲ, ಹೂವುಗಳು ರೆಂಬೆಯ ತುದಿಯಲ್ಲಿ ಎಲೆಗಳ ನಡುವೆ ಒತ್ತಾಗಿ ಕೂತಿರುತ್ತವೆ. ಗಾತ್ರವೂ ಬೇರೆ. ನಮ್ಮದು ಒಂದು ಸೆಂಟಿಮೀಟರ್ ದಾಟುವುದು ಅಪರೂಪ. ಬ್ಲೂ ಡೇಜ್ ಅದರ ಎರಡರಷ್ಟಾದರೂ ಇರುತ್ತದೆ. ಕಾಂಡ ಮತ್ತು ಎಲೆಯ ಮೇಲೆ ರೇಷ್ಮೆಯಂಥ ಕೂದಲು ಎರಡಕ್ಕೂ ಇದೆ, ಅದನ್ನು ನಂಬಿ ಹೇಳಲಾಗದು.

ಮನೆಯಲ್ಲಿ ಭೂತಗನ್ನಡಿ ಇದ್ದರೆ ಹೂವಿನ ಒಳಗೆ ಒಮ್ಮೆ ನೋಡಿ. ನಡುವೆ ಎರಡು ಶಲಾಕೆ (ಹೂವಿನ ಹೆಣ್ಣು ಭಾಗದ ತೆಳು ದಂಡ) ಕಾಣುತ್ತವೆ, ಪ್ರತಿಯೊಂದೂ ಮತ್ತೆ ಎರಡಾಗಿ ಕವಲೊಡೆದಿರುತ್ತದೆ, ಒಟ್ಟು ನಾಲ್ಕು ತೆಳು ಬಿಳಿ ಎಳೆ. ಸುತ್ತ ಐದು ಕೇಸರ. ಬೇಲಿ ಮೇಲೆ ಹಬ್ಬುವ ಇದರ ನೆಂಟರ ಹೂವಲ್ಲಿ ಶಲಾಕೆ ಒಂದೇ ಇರುತ್ತದೆ. ಆ ನೆಂಟರೆಲ್ಲ ಸಿಕ್ಕಿದ್ದಕ್ಕೆ ಸುತ್ತಿಕೊಂಡು ಮೇಲೇರುತ್ತಾರೆ, ಇದು ಯಾವತ್ತೂ ಸುತ್ತಿಕೊಳ್ಳುವುದಿಲ್ಲ. ಕೋಲು ಕೊಟ್ಟರೂ ಬೇಡ ಇದಕ್ಕೆ. ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಇದನ್ನು ಆ ಬಳ್ಳಿಗಳ ಜೊತೆಗೇ ಕನ್ವಾಲ್ವುಲಸ್ ಕುಲಕ್ಕೆ ಸೇರಿಸಿದ್ದರು, 1762ರಲ್ಲಿ ಅವರೇ ತೆಗೆದು ಇವಾಲ್ವುಲಸ್‌ಗೆ ಹಾಕಿದರು. ಅಂದಿನಿಂದ ಅಲ್ಲೇ ಇದೆ.

ಅಂದ ಹಾಗೆ ಇದು ಬರೀ ನಮ್ಮ ಬಯಲುಸೀಮೆಯ ಗಿಡ ಅಲ್ಲ. ಆಫ್ರಿಕಾ, ಆಸ್ಟ್ರೇಲಿಯಾ, ಅಮೆರಿಕದ ಬೆಚ್ಚಗಿನ ಭಾಗಗಳು, ಎಲ್ಲ ಕಡೆ ಮರಳು ಮತ್ತು ಕಲ್ಲು ನೆಲದಲ್ಲಿ ಸಿಗುತ್ತದೆ. ನೀರು ನಿಲ್ಲದ, ಬಿಸಿಲು ಬೀಳುವ, ದೊಡ್ಡ ಹುಲ್ಲು ಮುಚ್ಚಿಕೊಳ್ಳದ ಜಾಗ ಸಾಕು ಅದಕ್ಕೆ.

ಮುರಕಲ್ಲು (ಕಾಸರಗೋಡು):

ನಮ್ಮಲ್ಲಿ ಮುರಕಲ್ಲು ಪಾರೆಯ ಮೇಲೆ ಮಳೆ ಹೋದ ಮೇಲೆ ಬೇಕಾದಷ್ಟು ಕಾಣುತ್ತದೆ. ಕಲ್ಲಿನ ಬಿರುಕಲ್ಲಿ ಒಂದು ಹಿಡಿ ಮಣ್ಣು ಇದ್ದರೆ ಅದರಲ್ಲೇ ಬೇರು ಬಿಟ್ಟಿರುತ್ತದೆ. ಕೇರಳದಲ್ಲಿ ದಶಪುಷ್ಪ ಅಂತ ಹತ್ತು ಗಿಡಗಳನ್ನು ಕರ್ಕಾಟಕ ಮಾಸದಲ್ಲಿ ಮನೆಗೆ ತರುವ ಪದ್ಧತಿ ಉಂಟು, ತಿರುವಾತಿರೆ ಹಬ್ಬಕ್ಕೆ ಹೆಂಗಸರು ಮುಡಿಯುವುದೂ ಉಂಟು. ಗರಿಕೆ, ಗರುಗದ ಸೊಪ್ಪು ಇವುಗಳ ಜೊತೆ ವಿಷ್ಣುಕ್ರಾಂತಿಯೂ ಆ ಹತ್ತರಲ್ಲಿ ಒಂದು. ಚೌತಿಗೆ ಗಣಪತಿಗೆ ಏರಿಸುವ 21 ಪತ್ರೆಯಲ್ಲಿಯೂ ಇದು ಇದೆ.

ನನಗೆ ಬೇಸರ ಆಗುವುದು ಇಲ್ಲಿಯೇ. ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಪತ್ರೆಯ ಕಟ್ಟು ಕೊಂಡರೆ ಅದರಲ್ಲಿ ವಿಷ್ಣುಕ್ರಾಂತಿ ಬೇರು ಸಮೇತ ಇರುತ್ತದೆ, ಬೇರಿಗೆ ಇನ್ನೂ ಕೆಂಪು ಮಣ್ಣು ಅಂಟಿಕೊಂಡಿರುತ್ತದೆ. ಪತ್ರೆ ಅಂದರೆ ಎಲೆ ತಾನೆ? ಬೇರು ಯಾವ ದೇವರಿಗೂ ಬೇಡ. ಕತ್ತರಿಯಲ್ಲಿ ಮೇಲಿನ ಎರಡು ಕುಡಿ ಕತ್ತರಿಸಿದರೆ ಪೂಜೆಯೂ ಆಯಿತು, ಗಿಡವೂ ಉಳಿಯಿತು, ಬುಡದಿಂದ ಮತ್ತೆ ಚಿಗುರುತ್ತದೆ. ಚೌತಿ ಬರುವುದು ಸರಿಯಾಗಿ ಹೂ-ಕಾಯಿ ಬಿಡುವ ಹೊತ್ತಿಗೆ. ಆಗ ಬುಡಸಮೇತ ಎತ್ತಿದರೆ ಮುಂದಿನ ವರ್ಷದ ಬೀಜವೂ ಹೋಯಿತು. ಇದು ಮನೆಮನೆಯಲ್ಲಿ ಒಂದು ಕುಂಡದಲ್ಲಿ ಇರಬೇಕು ಅಂತ ನಾನು ಹೇಳುವುದು ಅದಕ್ಕೇ. ತುಳಸಿಗೆ ಜಾಗ ಇರುವ ಮನೆಯಲ್ಲಿ ಇದಕ್ಕೆ ಜಾಗ ಇಲ್ಲದೆ ಹೋಗುತ್ತದಾ?

ನಾನು ನೆಟ್ಟಿರುವುದು ಅಗಲ ಬಾಯಿಯ ಮಣ್ಣಿನ ಚಟ್ಟಿಯಲ್ಲಿ. ಬೆಳಗ್ಗೆ ಒಂಬತ್ತು ಗಂಟೆ ಹೊತ್ತಿಗೆ ಮುಜಂಟಿ ಜೇನು ಬರುತ್ತವೆ, ಪುಟ್ಟ ನೀಲಿ ಚಿಟ್ಟೆಗಳೂ ಬರುತ್ತವೆ. ಇಲ್ಲಿಯ ಮಳೆಗೆ ಬಯಲಲ್ಲಿ ಇಟ್ಟರೆ ಕೊಳೆತೇ ಹೋಗುತ್ತದೆ, ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವವರೆಗೆ ಮಾಡಿನ ಕೆಳಗೆ ಇಡುತ್ತೇನೆ. ಪಾರೆಯ ಮೇಲೆ ಅಷ್ಟು ಮಳೆ ಬಿದ್ದರೂ ಬದುಕುತ್ತದಲ್ಲ ಅಂತ ಕೇಳಬಹುದು, ಅಲ್ಲಿ ಬಿದ್ದ ನೀರು ಬಿರುಕಿನಲ್ಲಿ ಕೆಳಗೆ ಹೋಗುತ್ತದೆ, ಕುಂಡದಲ್ಲಿ ಹಾಗಲ್ಲ.

ತಾರಸಿತೋಟ (ಬೆಂಗಳೂರು):

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ತೊಟ್ಟು ನೋಡಿದೆ ಸರ್, ನೀವು ಹೇಳಿದ ಹಾಗೇ ಇದರಲ್ಲಿ ತೊಟ್ಟೇ ಇಲ್ಲ, ಬ್ಲೂ ಡೇಜ್ ಅನ್ನೋದು ಖಾತ್ರಿ ಆಯಿತು. ಅದನ್ನೂ ಇಟ್ಟುಕೊಳ್ಳುತ್ತೇನೆ, ಚೆನ್ನಾಗಿಯೇ ಇದೆ. ಊರಿಂದ ಬೀಜವನ್ನೇ ತರುತ್ತೇನೆ. ಮುರಕಲ್ಲು ಅಕ್ಕ, ಪತ್ರೆ ಮಾತು ನಮ್ಮ ಮನೆಯವರಿಗೆಲ್ಲ ಓದಿ ಹೇಳಿದೆ.

ಇನ್ನು ಕೆಲವು ಪ್ರಶ್ನೆ ಇವೆ. ಬೀಜ ಸೀದಾ ಮಣ್ಣಿಗೆ ಹಾಕಿದರೆ ಮೊಳೆಯುತ್ತದಾ? ಮರಳು ಇಲ್ಲಿ ಸಿಗೋದು ಎಂ-ಸ್ಯಾಂಡ್ ಮಾತ್ರ, ಅದು ನಡೆಯುತ್ತಾ? ಎರೆಹುಳು ಗೊಬ್ಬರ, ಕೋಕೋಪೀಟ್ ಎರಡೂ ಮನೆಯಲ್ಲಿ ಇದೆ. ಮತ್ತೆ ನಮ್ಮ ಅತ್ತೆ ಇದರ ರಸ ಮಕ್ಕಳಿಗೆ ಜ್ಞಾಪಕ ಶಕ್ತಿಗೆ ಒಳ್ಳೆಯದು ಅಂತಾರೆ, ಮಗ ಹತ್ತನೇ ಕ್ಲಾಸು, ಕೊಡಬಹುದಾ?

ಕಲ್ಲುಹೊಲ (ಪಾವಗಡ):

ಸೀದಾ ಹಾಕಿದರೆ ಒಂದೋ ಎರಡೋ ಮೊಳೆತು ಉಳಿದದ್ದು ಹಾಗೇ ಕೂತಿರುತ್ತದೆ. ಬೀಜ ಸಾಸಿವೆ ಕಾಳಿನಷ್ಟು, ಆದರೆ ಸಿಪ್ಪೆ ಬಲು ಗಟ್ಟಿ, ನೀರು ಒಳಗೆ ಹೋಗಲ್ಲ. ಹೊಲದಲ್ಲಿ ಆದರೆ ಬಿಸಿಲಿಗೆ ಕಾದು, ಮರಳಲ್ಲಿ ಉಜ್ಜಿ, ಒಂದೊಂದು ಮಳೆಗೆ ಒಂದಷ್ಟು ಹುಟ್ಟುತ್ತವೆ. ಎಲ್ಲಾ ಒಂದೇ ಸಲ ಹುಟ್ಟಿದರೆ ನಮ್ಮ ಕಡೆ ಮಳೆ ಕೈಕೊಟ್ಟಾಗ ಎಲ್ಲಾ ಒಟ್ಟಿಗೇ ಒಣಗುತ್ತಿದ್ದವು. ಮನೆಯಲ್ಲಿ ಆ ಉಜ್ಜುವ ಕೆಲಸ ನಾವು ಮಾಡಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ನಯವಾದ ಸ್ಯಾಂಡ್‌ಪೇಪರ್ ತನ್ನಿ. ಎರಡು ತುಂಡು ಮಾಡಿ, ನಡುವೆ ಬೀಜ ಇಟ್ಟು ಹಗುರವಾಗಿ ನಾಲ್ಕಾರು ಸಲ ತಿಕ್ಕಿ. ಹೊಳಪು ಹೋಗಿ ಮಂಕಾದರೆ ಸಾಕು, ಒಳಗಿನ ಬಿಳಿ ಕಾಣಬಾರದು. ಆಮೇಲೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಗ್ಗೆ ನೋಡಿದರೆ ಕೆಲವು ಉಬ್ಬಿರುತ್ತವೆ, ಕೆಲವು ಮೊದಲಿದ್ದ ಹಾಗೇ ಇರುತ್ತವೆ. ಉಬ್ಬಿದ್ದನ್ನು ಆವತ್ತೇ ಬಿತ್ತಿ. ಉಬ್ಬದೇ ಇರುವುದನ್ನು ಒಣಗಿಸಿ ಇನ್ನೊಮ್ಮೆ ತಿಕ್ಕಿ. ಉಬ್ಬಿಲ್ಲ ಅಂತ ಎಸೆಯಬೇಡಿ, ಅದು ಸತ್ತಿಲ್ಲ, ನೀರು ಹೋಗಿಲ್ಲ ಅಷ್ಟೇ.

ಎಂ-ಸ್ಯಾಂಡ್ ನಡೆಯುತ್ತದೆ, ಆದರೆ ತೊಳೆಯಬೇಕು. ಅದರಲ್ಲಿ ಕಲ್ಲಿನ ಪುಡಿ ಇರುತ್ತದೆ, ಹಾಗೇ ಹಾಕಿದರೆ ನೀರು ಬಿದ್ದು ಬಿದ್ದು ಕುಂಡದಲ್ಲಿ ಗಾರೆ ಹಾಕಿದ ಹಾಗೆ ಗಟ್ಟಿ ಆಗುತ್ತದೆ. ಬಕೆಟ್‌ನಲ್ಲಿ ಹಾಕಿ, ನೀರು ತುಂಬಿ, ಕೈಯಾಡಿಸಿ, ಬಗ್ಗಡ ಚೆಲ್ಲಿ. ನೀರು ತಿಳಿ ಆಗುವ ತನಕ ಮಾಡಿ. ಗೋಡೆಗೆ ಗಿಲಾವು ಮಾಡುವ ಪಿ-ಸ್ಯಾಂಡ್ ಬೇಡವೇ ಬೇಡ, ತುಂಬಾ ನುಣುಪು. ತೊಳೆದ ಮರಳು ಎರಡು ಪಾಲು, ಕೆಂಪು ಮಣ್ಣು ಎರಡು ಪಾಲು, ಇಟ್ಟಿಗೆ ಚೂರು ಅಥವಾ ಸಣ್ಣ ಜಲ್ಲಿ ಒಂದು ಪಾಲು. ಎರೆಗೊಬ್ಬರ ಇಡೀ ಕುಂಡಕ್ಕೆ ಒಂದು ಹಿಡಿ, ಅಷ್ಟೇ. ಕೋಕೋಪೀಟ್ ಹಾಕಲೇಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಈ ಗಿಡಕ್ಕೆ ಬೇಕಾಗಿರುವುದು ಅದರ ಉಲ್ಟಾ. ತಾರಸಿ ತೋಟದವರು ಪ್ರೀತಿಯಿಂದ ಗೊಬ್ಬರ ಜಾಸ್ತಿ ಹಾಕುತ್ತಾರೆ, ಹಾಕಿದರೆ ಎಲೆ ದೊಡ್ಡದಾಗಿ ಗಿಡ ಸೊಂಪಾಗಿ ಕಾಣುತ್ತದೆ, ಹೂವು ಕಮ್ಮಿ ಆಗುತ್ತದೆ, ಆಮೇಲೆ ಒಂದು ಜೋರು ಮಳೆಗೆ ಬುಡ ಕೊಳೆಯುತ್ತದೆ. ಬಡ ಮಣ್ಣೇ ಇದರ ಊಟ.

ಸಸಿ ಟ್ರೇಯಲ್ಲಿ ಮಾಡಿ ಆಮೇಲೆ ಕೀಳೋದು ಬೇಡ. ಬೇರಿಗೆ ಪೆಟ್ಟಾಗುತ್ತದೆ. ಯಾವ ಕುಂಡದಲ್ಲಿ ಇರಬೇಕೋ ಅದರಲ್ಲೇ ಬಿತ್ತಿ. ಕುಂಡ ಒಂದಡಿ ಆಳ ಇದ್ದರೆ ಒಳ್ಳೆಯದು, ಅಗಲವೂ ಇರಲಿ, ಯಾಕಂದರೆ ಸುತ್ತಲೂ ಹರಡುತ್ತದೆ. ಬೀಜದ ಮೇಲೆ ಬೀಜ ಮುಚ್ಚುವಷ್ಟು ಮಾತ್ರ ಮರಳು ಉದುರಿಸಿ. ಮೊಳೆಯುವ ತನಕ ಸ್ಪ್ರೇ ಬಾಟಲಿಯಲ್ಲಿ ನೀರು. ಒಂದು ವಾರದಿಂದ ಮೂರು ವಾರ ಹಿಡಿಯಬಹುದು, ಕಾಯಿರಿ. ಎರಡು ಮೂರು ಇಂಚು ಬಂದ ಮೇಲೆ ಮೇಲ್ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಬಿಸಿಲು ದಿನಕ್ಕೆ ಆರು ಗಂಟೆಗೆ ಕಮ್ಮಿ ಇರಬಾರದು, ನೆರಳಲ್ಲಿ ಗಿಡ ಬದುಕಿದರೂ ಹೂವು ಬಿಚ್ಚಲ್ಲ.

ಇನ್ನೊಂದು ವಿಷಯ, ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ ಕಡ್ಡಿ ಆಗಬಹುದು. ಸತ್ತಿತು ಅಂತ ಕುಂಡ ಖಾಲಿ ಮಾಡಬೇಡಿ. ಒಣಕಡ್ಡಿ ಕತ್ತರಿಸಿ, ವಾರಕ್ಕೊಮ್ಮೆ ಒಂದು ಲೋಟ ನೀರು ಹಾಕಿ ಬಿಡಿ. ನಮ್ಮ ಹೊಲದಲ್ಲಿ ಮೃಗಶಿರೆ ಮಳೆ ಬಿದ್ದರೆ ಅದೇ ಬುಡದಿಂದ ಚಿಗುರುತ್ತದೆ.

ಎಲೆಗಮನ:

ರಸದ ಬಗ್ಗೆ. ದಯವಿಟ್ಟು ನೀವಾಗಿಯೇ ಕೊಡಬೇಡಿ. ಇದು ಆಯುರ್ವೇದದಲ್ಲಿ ಬಳಕೆಯಲ್ಲಿರುವ ಗಿಡ ಹೌದು, ಜ್ವರಕ್ಕೆ, ನೆನಪಿನ ಶಕ್ತಿಗೆ ಅಂತ ಹಿಂದಿನಿಂದ ಕೊಡುತ್ತಿದ್ದಾರೆ. ಆದರೆ ನೆನಪಿನ ಶಕ್ತಿಗೆ ಹೇಳುವ ಶಂಖಪುಷ್ಪಿಯ ವಿಷಯದಲ್ಲಿ ದೊಡ್ಡ ಗೊಂದಲ ಇದೆ. ಉತ್ತರ ಭಾರತದಲ್ಲಿ ಶಂಖಪುಷ್ಪಿ ಅಂದರೆ ಕನ್ವಾಲ್ವುಲಸ್ ಪ್ರೋಸ್ಟ್ರೇಟಸ್, ಬಿಳಿ ಅಥವಾ ತೆಳು ಗುಲಾಬಿ ಹೂವಿನದು. ಕೆಲವು ಕಡೆ ನಮ್ಮ ವಿಷ್ಣುಕ್ರಾಂತಿಯನ್ನೇ ಹಾಗೆ ಕರೆಯುತ್ತಾರೆ. ಕೇರಳದಲ್ಲಿ ಬೇಲಿ ಮೇಲಿನ ಶಂಖಪುಷ್ಪ, ಅಂದರೆ ಕ್ಲೈಟೋರಿಯಾ ಟರ್ನೇಷಿಯಾ, ಆ ಜಾಗದಲ್ಲಿ ಬಳಕೆಯಾಗುತ್ತದೆ. ಅದು ಅವರೆಕಾಯಿ ಜಾತಿಗೆ ಸೇರಿದ್ದು, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಯಾವ ಗಿಡ, ಎಷ್ಟು, ಯಾರಿಗೆ ಅನ್ನುವುದನ್ನು ಓದಿಕೊಂಡ ವೈದ್ಯರು ಹೇಳಲಿ. ಮಗನಿಗೆ ಬೇರೆ ಏನಾದರೂ ಮಾತ್ರೆ ನಡೆಯುತ್ತಿದ್ದರಂತೂ ಕೇಳದೆ ಏನನ್ನೂ ಕೊಡಬಾರದು. ಬ್ಲೂ ಡೇಜ್ ಅಂತೂ ಬರೀ ಅಲಂಕಾರದ ಗಿಡ, ಅದರ ರಸ ತೆಗೆಯುವ ಯೋಚನೆಯೇ ಬೇಡ.

ಗಿಡವನ್ನು ಕಣ್ಣಾರೆ ನೋಡಿ ಗುರುತು ಗಟ್ಟಿ ಮಾಡಿಕೊಳ್ಳಬೇಕು ಅಂದರೆ ಯಲಹಂಕ ಕಡೆ ಎಫ್‌ಆರ್‌ಎಲ್‌ಎಚ್‌ಟಿ ಅನ್ನುವ ಸಂಸ್ಥೆಯವರ ಔಷಧಿ ಗಿಡಗಳ ತೋಟ ಇದೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಇದೆ. ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ.

ಎರೆಭೂಮಿ (ಕೊಪ್ಪಳ):

ನಡುವೆ ಬಂದೆ, ಕ್ಷಮಿಸಿ. ನಮ್ಮದು ಒಂದು ಎಕರೆ ಮರಳು ಮಿಶ್ರಿತ ಕೆಂಪು ಭೂಮಿ ಖಾಲಿ ಇದೆ, ನೀರಿಲ್ಲ. ಔಷಧಿ ಗಿಡ ಅಂತೀರಲ್ಲ, ಇದನ್ನು ಬೆಳೆಯಾಗಿ ಹಾಕಿದರೆ ಲಾಭ ಇದೆಯಾ ಅಣ್ಣ?

ಕಲ್ಲುಹೊಲ (ಪಾವಗಡ):

ಅಣ್ಣ, ಕೊಳ್ಳುವವರು ಯಾರು ಅಂತ ಬರವಣಿಗೆಯಲ್ಲಿ ಸಿಗುವ ತನಕ ಒಂದು ಸಾಲೂ ಹಾಕಬೇಡಿ. ಈ ಗಿಡ ಈಗಲೂ ಹೆಚ್ಚಾಗಿ ಕಾಡು, ಗೋಮಾಳದಿಂದ ಕಿತ್ತು ತಂದದ್ದೇ ಮಾರಾಟ ಆಗುತ್ತದೆ. ಕಿತ್ತು ತರುವವನಿಗೆ ಖರ್ಚಿಲ್ಲ, ನಿಮಗೆ ಬೀಜ, ಕಳೆ, ಕೂಲಿ ಎಲ್ಲ ಇದೆ. ಆ ರೇಟಿಗೆ ನಿಮಗೆ ಗಿಟ್ಟುವುದು ಕಷ್ಟ. ಗಿಡ ಸಣ್ಣದು, ಒಣಗಿಸಿದರೆ ತೂಕವೇ ಬರಲ್ಲ. ಕಳೆ ತೆಗೆಯೋದಂತೂ ಕೂತುಕೊಂಡು ಕೈಯಲ್ಲೇ ತೆಗೆಯಬೇಕು, ಹುಲ್ಲು ಎದ್ದರೆ ಇದನ್ನು ಮುಚ್ಚಿಬಿಡುತ್ತದೆ.

ಹಾಗಂತ ಬೇಡವೇ ಬೇಡ ಅಂತ ಅಲ್ಲ. ಒಂದೆರಡು ಗುಂಟೆಯಲ್ಲಿ ಬೀಜಕ್ಕೆ ಅಂತ ಮಾಡಬಹುದು. ತಿಕ್ಕಿದ ಬೀಜವನ್ನು ಒಣ ಮರಳಿಗೆ ಬೆರೆಸಿ ಚೆಲ್ಲಿ, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಮುಂಗಾರಿನ ಮೊದಲ ಹದ ಮಳೆ ನೋಡಿ ಚೆಲ್ಲಿ. ಮೊದಲ ವರ್ಷ ಕೊಯ್ಯಬೇಡಿ, ಬೇರು ಕೂರಲಿ. ಎರಡನೇ ವರ್ಷದಿಂದ ಹೂ ಇರುವಾಗ ಮೇಲಿನ ಭಾಗ ಮಾತ್ರ ಕುಡುಗೋಲಿನಲ್ಲಿ ಕೊಯ್ದು ನೆರಳಲ್ಲಿ ಒಣಗಿಸಿ. ಕೊಳ್ಳುವವರು ಬೇರು ಸಮೇತ ಬೇಕು ಅಂದರೆ ಆವಾಗ ಲೆಕ್ಕ ಬೇರೆ, ಪ್ರತಿ ವರ್ಷ ಹೊಸದಾಗಿ ಬಿತ್ತಬೇಕಾಗುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಎಕರೆಗೆ ಹುರುಳಿ ಹಾಕಿ, ಬದುವಿಗೆ ಇದನ್ನು ಬಿಡಿ.

ತಾರಸಿತೋಟ (ಬೆಂಗಳೂರು):

ಅತ್ತೆಗೆ ತೋರಿಸಿದೆ, ರಸದ ವಿಷಯ ಅವರೂ ಒಪ್ಪಿದರು. ಕೊನೆಯ ಪ್ರಶ್ನೆ. ಈಗ ಬೀಜ ತಂದರೆ ಈಗಲೇ ಬಿತ್ತಬೇಕಾ ಅಥವಾ ಮುಂಗಾರಿನ ತನಕ ಇಡಬಹುದಾ? ಕಾಂಡ ಕತ್ತರಿಸಿ ನೆಟ್ಟರೆ ಬೇರು ಬರುತ್ತದಾ?

ಮುರಕಲ್ಲು (ಕಾಸರಗೋಡು):

ಇಡಬಹುದು. ಗಟ್ಟಿ ಸಿಪ್ಪೆಯ ಬೀಜ, ಒಣಗಿದ ಜಾಗದಲ್ಲಿ ಇಟ್ಟರೆ ಹಾಳಾಗುವುದಿಲ್ಲ. ಆದರೆ ತಿಕ್ಕಿದ ಮೇಲೆ ಇಡಬಾರದು, ಬಿತ್ತುವ ಹಿಂದಿನ ದಿನ ಮಾತ್ರ ತಿಕ್ಕುವುದು. ಬೆಂಗಳೂರಿನಲ್ಲಿ ತೀರಾ ಚಳಿ ಇರುವಾಗ ಬೇಡ, ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಅರ್ಧ ಬೀಜ ಹಾಕಿ, ಇನ್ನರ್ಧ ಮುಂಗಾರಿಗೆ ಇಟ್ಟುಕೊಳ್ಳಿ. ಒಂದು ಸಲದ್ದು ಹೋದರೂ ಇನ್ನೊಂದು ಇರುತ್ತದೆ.

ಕಡ್ಡಿ ನೆಡುವುದು ಬ್ಲೂ ಡೇಜ್‌ಗೆ ಸುಲಭ, ನಾಲ್ಕು ಇಂಚಿನ ಕುಡಿ ಕತ್ತರಿಸಿ ಒದ್ದೆ ಮರಳಿನಲ್ಲಿ ಇಟ್ಟರೆ ಬೇರು ಬಿಡುತ್ತದೆ. ವಿಷ್ಣುಕ್ರಾಂತಿಯದ್ದು ಕಾಂಡ ತುಂಬಾ ಸಪೂರ, ಬೇರು ಬರುವ ಮೊದಲೇ ಒಣಗುವುದೇ ಹೆಚ್ಚು. ಬೀಜವೇ ಸರಿ. ಗಿಡ ಒಮ್ಮೆ ಹಿಡಿದರೆ ಕಾಯಿ ತಾನಾಗಿ ಬಿಚ್ಚಿ ಅದೇ ಕುಂಡದಲ್ಲಿ ಬೀಜ ಬೀಳುತ್ತದೆ, ಮೇಲ್ಮಣ್ಣು ಕೆದಕಬೇಡಿ. ಪಕ್ಕದ ಕುಂಡಗಳಲ್ಲಿಯೂ ಹುಟ್ಟಬಹುದು, ಕಳೆ ಅಂತ ಕಿತ್ತು ಬಿಸಾಡುವ ಮೊದಲು ಎಲೆಯ ಮೇಲಿನ ಕೂದಲು ನೋಡಿಕೊಳ್ಳಿ.